ಚಿಲ್ಲರೆ ಇಲ್ಲ, ಮುಂದೆ ಹೋಗು

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಅಲ್ಲಿದ್ದವರು ಇಬ್ಬರೇ, ವಯಸ್ಸಾದ ಅಜ್ಜಾರು ಮತ್ತು ಅವರ ಶಿಷ್ಯ ಗುರುಪಾದಯ್ಯ.

ಗುರುಪಾದಯ್ಯ ಬಂದು ಆರು ವರ್ಷವಾಗಿತ್ತು. ಅಜ್ಜಾರು ತಮ್ಮ ಜೋಳಿಗೆಯನ್ನು ಅವನ ಹೆಗಲಿಗೆ ಹಾಕಿದರೆ ಭಿಕ್ಷೆಯ ಅಧಿಕಾರ ಸಿಕ್ಕಂತೆ, ಮುಂದೆ ಮಠವೂ ಅವನದೇ. ಅದಕ್ಕಾಗಿ ಅವನ ಜೀವ ಹಾತೊರೆಯುತ್ತಿತ್ತು. ಜೋಳಿಗೆ ಮಾತ್ರ ಗೂಟ ಬಿಟ್ಟು ಇಳಿದಿರಲಿಲ್ಲ.

ಒಂದು ಬೆಳಿಗ್ಗೆ ಅವನು ಪೇಟೆಯಿಂದ ಕಾಯಿಪಲ್ಲೆ ಹೊತ್ತು ಬಂದ. ಅಜ್ಜಾರು ಹೊಳೆಯಲ್ಲಿ ಧೋತರ ಒಗೆಯುತ್ತಿದ್ದರು. ಹೊಳೆಯ ಮೆಟ್ಟಿಲ ಮೇಲೆ ಕೂತು ಬೇಡುವ ಯಮನವ್ವ ಕೈಚಾಚಿದ್ದನ್ನೂ, ಇವನು ಏನೋ ಹೇಳಿ ದಾಟಿದ್ದನ್ನೂ ಕಂಡರು.

“ಆಕಿಗೆ ಏನಂದಿ?”

“ಚಿಲ್ಲರ ಇಲ್ಲಬೇ, ಮುಂದ ಹೋಗು ಅಂದೆ ರೀ.”

“ಖರೇನ ಇರಲಿಲ್ಲೇನು?”

“ಖರೇನ ರೀ ಅಜ್ಜಾರ. ರೊಕ್ಕ ಎಲ್ಲಾ ಫೋನಿನ್ಯಾಗ. ರೂಪಾಯಿ ಬಿಲ್ಲೆ ಮುಟ್ಟಿ ವರ್ಷಾತು. ಅಂಗಡ್ಯಾವ್ರೂ ಅದರ ಬದ್ಲಿ ಚಾಕಲೇಟ್ ಕೊಡ್ತಾರ.”

“ಮೊದಲ ಏನಂತಿದ್ದಿ?”

“ಮೊದಲೂ ಹಂಗ ಅಂತಿದ್ದೆ. ಆಗ ಕಿಸೆದಾಗ ಇರ್ತಿತ್ತು.”

“ಆಗ ಎಲ್ಲಿ ನೋಡಿ ಹೇಳ್ತಿದ್ದಿ?”

“ನೆಲಾ ನೋಡಿ.”

“ಇವತ್ತು?”

“ಆಕಿ ಮಾರಿನ ನೋಡಿ ಹೇಳಿದೆ. ಸುಳ್ಳಲ್ಲಲ್ಲ ರೀ.”

ಅಜ್ಜಾರು ಧೋತರ ಹಿಂಡಿದರು. “ಯಮನವ್ವಗ ಎರಡೂ ಕಾಲಿಲ್ಲ. ಎಲ್ಲಿಗೆ ಮುಂದ ಹೋದಾಳು?”

ಗುರುಪಾದಯ್ಯನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಜೋಳಿಗೆ ಇನ್ನೊಂದು ವರ್ಷ ಮುಂದೆ ಹೋಯಿತೆಂದು ಹೆದರಿಕೆಯಾಯಿತು.

ಮರುದಿನ ಅಜ್ಜಾರೇ ಗೂಟದಿಂದ ಜೋಳಿಗೆ ತೆಗೆದು ಅವನ ಹೆಗಲಿಗೆ ಹಾಕಿದರು. ಅವನಿಗೆ ನಂಬಲಾಗಲಿಲ್ಲ.

“ಹಿಗ್ಗಬ್ಯಾಡ. ಇದು ಇವತ್ತಿನ ಮಟ್ಟಿಗೆ. ಮನಿಗೆ ಒಂದ ರೂಪಾಯಿ ಬಿಲ್ಲೆ ಬೇಡು. ನೋಟು ಬ್ಯಾಡ. ಫೋನು ಇಲ್ಲೇ ಇಟ್ಟು ಹೋಗು.”

ಮನೆಗೊಂದು ರೂಪಾಯಿ ಏನು ಮಹಾ ಎಂದುಕೊಂಡು ಗುರುಪಾದಯ್ಯ ಪೇಟೆ ಹೊಕ್ಕ.

ಮೊದಲ ಮನೆಯ ಗೃಹಿಣಿ ಕೈಮುಗಿದಳು. “ಚಿಲ್ಲರ ಇಲ್ರಿ ಸ್ವಾಮ್ಯಾರ, ಮುಂದ ಹೋಗ್ರಿ.”

ಎರಡನೆಯ ಮನೆಯವನು ಫೋನು ಹಿಡಿದೇ ಹೊರಬಂದ. “ನಂಬರ್ ಹೇಳ್ರಿ, ಐವತ್ತು ಹಾಕ್ತೀನಿ.” ಬೇಡವೆಂದಾಗ, ಇಂಥ ಸ್ವಾಮಿಯನ್ನು ನೋಡಿರಲಿಲ್ಲ ಎಂಬಂತೆ ನೋಡಿದ.

ಒಬ್ಬ ಮುದುಕಿ ಡಬ್ಬಿ ಡಬ್ಬಿ ತಡಕಾಡಿ, ಏನೂ ಸಿಗದೆ, ಎರಡು ಚಾಕಲೇಟ್ ಹಾಕಿದಳು. ಉಳಿದ ಓಣಿಯೆಲ್ಲ ಒಂದೇ ಮಾತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಎಲ್ಲರೂ ಮುಖ ನೋಡಿಯೇ ಹೇಳಿದರು. ನಲವತ್ತು ಬಾಗಿಲು ದಾಟುವಷ್ಟರಲ್ಲಿ ಅವನಿಗೆ ಅಳು ಬರುವಂತಾಯಿತು.

ಬಿಸಿಲೇರಿದಾಗ ಹೊಳೆಯ ಮೆಟ್ಟಿಲಿಗೆ ಬಂದ.

“ಯಾಕಪಾ ಮರಿಸ್ವಾಮಿ, ಮಾರಿ ಸಣ್ಣದು ಮಾಡಿದಿ?” ಎಂದಳು ಯಮನವ್ವ.

“ಊರೆಲ್ಲಾ ತಿರುಗಿದೆ ಬೇ. ಯಾರೂ ಒಂದು ರೂಪಾಯಿ ಹಾಕಲಿಲ್ಲ.”

“ನನ್ನ ಕಡೆನೂ ಚಿಲ್ಲರ ಇಲ್ಲಪಾ,” ಎಂದಳು ಆಕೆ. ಕೈಯೂರಿ ಪಕ್ಕಕ್ಕೆ ಸರಿದಳು. ತನ್ನ ಗೋಣಿತಟ್ಟು ಅರ್ಧ ಬಿಟ್ಟುಕೊಟ್ಟಳು. “ಬಾ, ಕುಂದ್ರು.”

ಅವನು ಮಠಕ್ಕೆ ಬಂದಾಗ ಹೊತ್ತು ಇಳಿದಿತ್ತು. ಅಜ್ಜಾರು ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು.

“ಏನು ಬಂತು?”

“ಎರಡು ಚಾಕಲೇಟ್ ರೀ.”

“ಎಲ್ಲಿ ಅದಾವು?”

“ಒಂದು ಯಮನವ್ವ ತಿಂದ್ಲು. ಒಂದು ನಾ ತಿಂದೆ.”

“ಚಾಕಲೇಟ್ ತಿನ್ನಾಕ ಇಷ್ಟು ಹೊತ್ತೇನು?”

“ಮಾತಾಡ್ಕೋತ ಕುಂತಿದ್ವಿ ರೀ. ಆಕಿ ತವರುಮನಿ ನಮ್ಮ ಊರಾಗ ಐತಂತ. ನಮ್ಮವ್ವನ ಮದುವಿಗೆ ಹಾಡು ಹೇಳಿದಾಕಿ ಆಕಿನ ಅಂತ.” ಅವನ ದನಿ ತಗ್ಗಿತು. “ಆರು ವರ್ಷ ಆಕಿ ಮುಂದ ಅಡ್ಡಾಡೀನಿ ಅಜ್ಜಾರ. ಒಂದ ದಿನಾ ಕೇಳಲಿಲ್ಲ.”

ಗುರುಪಾದಯ್ಯ ಖಾಲಿ ಜೋಳಿಗೆ ತೆಗೆದು ಮಡಿಸಿ, ಗೂಟಕ್ಕೆ ಹಾಕಲು ಹೋದ.

“ಇರಲಿ. ಹೆಗಲ ಮ್ಯಾಲ ಇರಲಿ,” ಎಂದರು ಅಜ್ಜಾರು. “ಚಿಲ್ಲರ ಇಲ್ಲಂದ್ರ ಮುಂದ ಹೋಗಬ್ಯಾಡ.”