ಬೆಂಕಿನಾಯಿ ಎಂಬ ಹೆಸರು

"ಬುದ್ಧೀ, ತಿಪ್ಪಯ್ಯ ಅಂದರೆ ಸಾಕು, ಜನ ಮುಸಿಮುಸಿ ನಗುತ್ತಾರೆ. ತಿಪ್ಪೆಯ ಹೆಸರು! ಇದನ್ನು ತೆಗೆದು ನನಗೊಂದು ಒಳ್ಳೆಯ ಹೆಸರು ಕೊಡಬಾರದೇ?" ಎಂದು ಶಿಷ್ಯ ಕೇಳಿದ.

"ಕೊಡೋಣವಂತೆ, ಅದಕ್ಕೇನು ಬರಗಾಲವೇ? ಮೊದಲು ಇದನ್ನು ಕೇಳು" ಎಂದು ಗುರುಗಳು ಹೇಳತೊಡಗಿದರು.

ಫ್ರಾನ್ಸ್ ದೇಶದ ಪಶ್ಚಿಮದ ತುದಿಯಲ್ಲಿ ಬ್ರೆಟನ್ ಎಂಬ ಜನರಿದ್ದಾರೆ. ಕಡಲೇ ಅವರ ಹೊಲ. ಅಲ್ಲಿ ಒಬ್ಬ ಮೀನುಗಾರನಿದ್ದ. ಹೆಸರು ಟಾಂಗಿ. ಒಮ್ಮೆ ಬಿರುಗಾಳಿಗೆ ಅವನ ದೋಣಿ ಒಡೆಯಿತು. ನಾಲ್ವರು ಒಂದೇ ಹಲಗೆಗೆ ಜೋತುಬಿದ್ದರು. ಹಲಗೆ ಮೂವರನ್ನಷ್ಟೇ ತಡೆಯುವಂತಿತ್ತು. ಟಾಂಗಿ ಕೈ ಬಿಟ್ಟ. ಮೂವರು ಮನೆಗೆ ಬಂದರು.

ಅವನ ಹೆಂಡತಿ ಆಗ ಬಸುರಿ. ಗಂಡುಮಗು ಹುಟ್ಟಿತು. ಅಪ್ಪನ ಹೆಸರನ್ನೇ ಇಟ್ಟು, ಬರೆಸಲು ಕಚೇರಿಗೆ ಹೋದಳು. ಗುಮಾಸ್ತ ಸರ್ಕಾರ ಒಪ್ಪಿದ ಹೆಸರುಗಳ ಪಟ್ಟಿ ತಿರುವಿ ಹಾಕಿದ.

"ಈ ಹೆಸರು ಪಟ್ಟಿಯಲ್ಲಿಲ್ಲ. ಏನಮ್ಮಾ ಇದರ ಅರ್ಥ?"

"ಬೆಂಕಿನಾಯಿ, ಸ್ವಾಮಿ."

ಗುಮಾಸ್ತ ಬಿದ್ದು ಬಿದ್ದು ನಕ್ಕ. "ಹೆತ್ತ ಮಗನನ್ನು ಯಾರಾದರೂ ನಾಯಿ ಅನ್ನುತ್ತಾರೆಯೇ?"

"ನಾವು ಅನ್ನುತ್ತೇವೆ. ನಮ್ಮ ಹಿರೀಕರು ವೀರನನ್ನು ಹೊಗಳುತ್ತಿದ್ದುದೇ ಹಾಗೆ. ಬೆಂಕಿ ಬಿದ್ದರೂ ಜೊತೆಯವರನ್ನು ಬಿಟ್ಟು ಓಡದವನು ಅಂತ."

ಪಟ್ಟಿಯ ಹೆಸರಿಟ್ಟರೆ ಮಾತ್ರ ಕಾಗದ ಎಂದ ಗುಮಾಸ್ತ. ಕಾಗದವಿಲ್ಲದೆ ಮಗುವನ್ನು ಶಾಲೆಗೆ ಸೇರಿಸುವಂತಿಲ್ಲ. ಆ ಹೆಣ್ಣುಮಗಳ ಗಟ್ಟಿತನ ನೋಡು! ಐದು ವರ್ಷ ಕಚೇರಿಗೆ ಅಲೆದಳು, ಹೆಸರು ಬಿಡಲಿಲ್ಲ.

ಶಾಲೆಯ ವಯಸ್ಸು ಬಂತು. ಅವಳು ಕೊನೆಯ ಸಲವೆಂದು ಮಗನ ಕೈ ಹಿಡಿದು ಹೋದಳು. ಈ ಬಾರಿ ಬದುಕಿ ಬಂದ ಆ ಮೂವರೂ ಅವಳ ಹಿಂದೆ ನಿಂತಿದ್ದರು. ಒಬ್ಬೊಬ್ಬರ ತೋಳಲ್ಲೂ ಒಂದೊಂದು ಕೂಸು. ಮೂರಕ್ಕೂ ಅದೇ ಹೆಸರಿಟ್ಟಿದ್ದರು. ಒಂದಕ್ಕೂ ಕಾಗದವಿರಲಿಲ್ಲ.

ಗುಮಾಸ್ತ ಹಣೆ ಚಚ್ಚಿಕೊಂಡ. "ಒಂದೇ ಊರಿಗೆ ನಾಲ್ವರು ಟಾಂಗಿಗಳೇ! ಕೂಗಿದರೆ ಯಾರು ಬರಬೇಕು?"

"ನಾಲ್ವರೂ ಬರಬೇಕು, ಅದಕ್ಕೇ ಇಟ್ಟದ್ದು" ಎಂದಳು ತಾಯಿ.

ಗುಮಾಸ್ತ ಅವಳ ಮುಖವನ್ನೇ ನೋಡಿದ. ಪಟ್ಟಿಯನ್ನು ಮುಚ್ಚಿಟ್ಟು, ಆ ಹೆಸರನ್ನು ನಾಲ್ಕು ಸಲ ಬರೆದ.

ಶಿಷ್ಯನ ಕಣ್ಣು ತುಂಬಿತ್ತು. "ಭಲೇ ತಾಯಿ! ಆದರೆ ಬುದ್ಧೀ, ಅದು ವೀರನ ಹೆಸರು. ನನ್ನದು ಬರೀ ಕಸ."

ಗುರುಗಳು ಹೇಳಿದರು: "ಮೂರು ಮಕ್ಕಳನ್ನು ಮಣ್ಣಿಗಿಟ್ಟ ನಿನ್ನವ್ವ ನಾಲ್ಕನೆಯ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಇದು ಕಸ, ಇದನ್ನು ಮುಟ್ಟಬೇಡ ಎಂದು ಸಾವಿಗೇ ಸುಳ್ಳು ಹೇಳಿ ಉಳಿಸಿಕೊಂಡಳಲ್ಲೋ, ಅದಕ್ಕಿಂತ ಒಳ್ಳೆಯ ಹೆಸರನ್ನು ನಾನು ಎಲ್ಲಿಂದ ತರಲಿ?"