ಹದಿನೆಂಟು ಮಾಫಿ ಏಟು

ಹತ್ತಿರ ಬಂದು ಕೂತ್ಕೊಳ್ರಪ್ಪ, ಹೇಳ್ತೀನಿ. ಕೊಂಡಗೆರೆ ಅಂತ ಒಂದು ಸೀಮೆ ಇತ್ತು. ಆ ಸೀಮೆಗೆ ಮುದ್ದರಾಜ ಅಂತ ಒಬ್ಬ ದೊರೆ. ಅವನಿಗೆ ಬೇಟೆ ಬೇಡ, ಯುದ್ಧ ಬೇಡ, ಹಾಡು ಕುಣಿತ ಬೇಡ. ಬೇಕಾದ್ದು ಒಂದೇ, ಕುಳಿಚೆಂಡು.

ಕುಳಿಚೆಂಡು ಅಂದ್ರೇನು ಅಂತೀರಾ? ನಿಂಬೆಹಣ್ಣಿನ ಗಾತ್ರದ ಮರದ ಚೆಂಡು. ತುದಿ ಬಾಗಿದ ಒಂದು ಕೋಲು. ಅಗಲವಾದ ಬಯಲು, ಅದರಲ್ಲಿ ದೂರದೂರಕ್ಕೆ ಒಂಬತ್ತು ಕುಳಿ. ಚೆಂಡನ್ನ ಹೊಡೆದು ಹೊಡೆದು ಒಂದೊಂದೇ ಕುಳಿಗೆ ಬೀಳಿಸ್ತಾ ಹೋಗಬೇಕು. ಒಂಬತ್ತೂ ಮುಗಿಯೋ ಹೊತ್ತಿಗೆ ಯಾರದು ಕಮ್ಮಿ ಏಟೋ ಅವರು ಗೆದ್ದರು. ಇಷ್ಟೇ ಆಟ.

ದೊರೆಯ ಅರಮನೆ ಪಕ್ಕ ಒಂದು ಹುಲ್ಲುಗಾವಲಿತ್ತು. ಹಿಂದೆ ಅದರಲ್ಲಿ ಊರ ದನ ಮೇಯುತ್ತಿದ್ದವು, ಊರವರು ಚೆಂಡು ಆಡ್ತಿದ್ದರು. ದೊರೆಯ ತಾತ ಅದಕ್ಕೆ ಗೋಡೆ ಕಟ್ಟಿ, ಬಾಗಿಲು ಹಾಕಿಸಿ, ತನ್ನ ಆಟಕ್ಕೆ ಇಟ್ಟುಕೊಂಡ. ಅಲ್ಲಿಂದಾಚೆ ಊರವರಿಗೆ ಉಳಿದದ್ದು ಹಳ್ಳದ ಆಚೆಯ ಕಲ್ಲುಬೋರೆ, ಬರೀ ಕಲ್ಲಿನ ದಿಬ್ಬ. ಅಲ್ಲೇ ಬಿದ್ದೂ ಎದ್ದೂ ಆಡೋರು.

ಒಳಗಿನ ಬಯಲಲ್ಲಿ ಆಡ್ತಿದ್ದೋನು ಜಟ್ಟಪ್ಪ, ಅರಮನೆ ಆಟಗಾರ. ಅವನಿಗೆ ಊಟ ಅರಮನೆದು, ಬಟ್ಟೆ ಅರಮನೆದು. ಬೆಳಗಾದ್ರೆ ಕೋಲು ಹಿಡಿಯೋದು, ಬೈಗಾದ್ರೆ ಇಳಿಸೋದು. ಅವನಿಗೆ ಆಟವೇ ಕೆಲಸ. ಊರವರಿಗೋ, ಕೆಲಸ ಮುಗಿದ ಮೇಲೆ ಆಟ. ಜಟ್ಟಪ್ಪ ಒಂಬತ್ತು ಕುಳಿ ಮುಗಿಸೋಕೆ ಮೂವತ್ತಾರು ಏಟು ತಗೊಳ್ಳೋನು. ಬಿಸಿಲಿರಲಿ, ಗಾಳಿ ಇರಲಿ, ಮೂವತ್ತಾರರ ಆಚೀಚೆ ಒಂದೇಟು ಅಷ್ಟೇ.

ಒಂದು ದಿನ ಕುಂಬಾರ ದಾಸಪ್ಪ ಚಕ್ರ ತಿರುಗಿಸ್ತಾ ಅಂದ, "ಆ ಜಟ್ಟಪ್ಪನ ಥರ ನಾನೂ ದಿನವಿಡೀ ಆಡಿದ್ರೆ ಅವನಷ್ಟೇ ಚೆನ್ನಾಗಿ ಆಡ್ತಿರಲಿಲ್ವಾ? ಮಣ್ಣು ತುಳಿದು ಸೊಂಟ ಹೋದ ಮೇಲೆ ಕೋಲು ಹಿಡೀತೀನಿ. ನಮಗೂ ಅವನಿಗೂ ಸಮ ಎಲ್ಲಿ ಬಂತು?"

ಮಾತು ಮಡಕೆಯ ಜೊತೆಗೇ ಅರಮನೆ ಸೇರಿತು. ದೊರೆ ಅವನನ್ನ ಕರೆಸಿದ.

"ಏನಯ್ಯಾ, ಸಮ ಇಲ್ಲ ಅಂದೆಯಂತೆ?"

ದಾಸಪ್ಪ ಕೈ ಮುಗಿದ. "ತಪ್ಪಾಯ್ತು ಬುದ್ಧೀ."

"ತಪ್ಪೇನಿಲ್ಲ, ನೀನು ಹೇಳಿದ್ದು ನ್ಯಾಯ. ಹಾಗಾದ್ರೆ ಸಮ ಮಾಡೋಣ. ಊರಿಂದ ಮೂರು ಜನ ಬನ್ನಿ, ಸೋಮವಾರಕ್ಕೊಬ್ಬರಂತೆ ಜಟ್ಟಪ್ಪನ ಎದುರು ಆಡಿ. ಒಬ್ಬೊಬ್ಬರೂ ಪಂದ್ಯಕ್ಕೆ ಮುಂಚೆ ಮೂರು ದಿನ ಈ ಬಯಲಲ್ಲೇ ಆಡಿ ತೋರಿಸಿ. ಮೂರರಲ್ಲಿ ನಡುವಿನ ಲೆಕ್ಕ ಹಿಡಿಯೋಣ. ಅದು ಮೂವತ್ತಾರಕ್ಕಿಂತ ಎಷ್ಟು ಹೆಚ್ಚೋ ಅಷ್ಟು ಏಟು ಪಂದ್ಯದ ದಿನ ನಿಮಗೆ ಮಾಫಿ. ಒಬ್ಬ ಗೆದ್ದರೂ ಸಾಕು, ಪ್ರತಿ ಸೋಮವಾರ ಈ ಬಯಲಿನ ಬಾಗಿಲು ಊರಿಗೆಲ್ಲಾ ತೆರೀತೀನಿ. ದನಕ್ಕೂ ಸೈ, ಆಟಕ್ಕೂ ಸೈ. ನನ್ನ ಕಾಲಕ್ಕೂ ಸೈ, ನನ್ನ ಮಕ್ಕಳ ಕಾಲಕ್ಕೂ ಸೈ."

ಊರಲ್ಲಿ ಅವತ್ತು ಯಾರ ಮನೆಯಲ್ಲೂ ಬೇರೆ ಮಾತಿಲ್ಲ.

ಏಟು ಎಣಿಸೋ ಕೆಲಸ ನಿಂಗಾಜಮ್ಮನದು. ಅರಮನೆಯಲ್ಲಿ ಇಪ್ಪತ್ತು ವರ್ಷದಿಂದ ಅದೇ ಕೆಲಸ. ಒಂದು ಏಟಿಗೆ ಒಂದು ಹುಣಸೆಬೀಜ ಗಡಿಗೆಗೆ ಹಾಕೋಳು. ಎಷ್ಟೋ ಸಾವಿರ ಏಟು ಎಣಿಸಿದ್ದಳು, ಒಂದು ಸಲವೂ ಕೋಲು ಮುಟ್ಟಿರಲಿಲ್ಲ. ಬಾಗಿಲು ತೆರೆದ್ರೆ ಒಂದು ಸೋಮವಾರ ತಾನೂ ಒಂದೇಟು ಹೊಡೀಬೇಕು ಅಂತ ಅವಳ ಆಸೆ. ಯಾರ ಹತ್ತಿರವೂ ಹೇಳಿರಲಿಲ್ಲ.

ಮೊದಲ ಸೋಮವಾರ ದಾಸಪ್ಪ ಬಂದ. ಅವನ ಲೆಕ್ಕ ಐವತ್ತೆರಡು, ಹಾಗಾಗಿ ಹದಿನಾರು ಏಟು ಮಾಫಿ. ಚೆನ್ನಾಗೇ ಆಡ್ತಿದ್ದ. ಏಳನೇ ಕುಳಿಯ ಹತ್ತಿರ ಒಂದು ಕೆಸರುಗುಂಡಿ, ಜಟ್ಟಪ್ಪ ಅದನ್ನ ಸುತ್ತುಬಳಸಿ ಎರಡು ಏಟಿನಲ್ಲಿ ದಾಟಿದ್ದನ್ನ ನೋಡಿದ. "ನಾನೇನು ಕಮ್ಮಿ, ಒಂದೇ ಏಟಿಗೆ ದಾಟಿಸ್ತೀನಿ" ಅಂದ. ಚೆಂಡು ಗುಂಡಿಯಲ್ಲಿ ಬಿತ್ತು. ಕೆಸರಿನಿಂದ ಅದನ್ನ ಎಬ್ಬಿಸೋ ಹೊತ್ತಿಗೆ ನಾಲ್ಕು ಏಟು ಹೋಯ್ತು. ಒಟ್ಟು ಐವತ್ತನಾಲ್ಕು. ಹದಿನಾರು ಕಳೆದ್ರೆ ಮೂವತ್ತೆಂಟು. ಜಟ್ಟಪ್ಪನದು ಮೂವತ್ತೈದು.

ದಾಸಪ್ಪ ಸೋತ.

ಎರಡನೇ ಸೋಮವಾರ ಗಾಣಿಗರ ತಿಪ್ಪಯ್ಯ ಬಂದ. ಅವನಿಗೆ ಇಪ್ಪತ್ತು ಏಟು ಮಾಫಿ. ಅವನು ದಾಸಪ್ಪನ ಹಾಗೆ ಹಾರಾಡೋನಲ್ಲ, ನಿಧಾನಸ್ಥ. ಆದ್ರೆ ಗೋಡೆಯ ಮೇಲೆಲ್ಲಾ ಜನ ಹತ್ತಿ ಕೂತಿದ್ದರು. ದೊರೆ ಕೂತಿದ್ದ, ರಾಣಿ ಕೂತಿದ್ದಳು. ತಿಪ್ಪಯ್ಯನ ಅಂಗೈ ಬೆವತು ಕೋಲು ಜಾರಿತು. ಕುಳಿ ಒಂದು ಮೊಳ ದೂರದಲ್ಲಿದೆ, ಚೆಂಡು ಅದರ ಅಂಚು ಸುತ್ತಿ ಆಚೆ ಹೋಗ್ತದೆ. ಒಂದು ಸಲ ಅಲ್ಲ, ಮೂರು ಸಲ. ಒಟ್ಟು ಅರವತ್ತೆರಡು. ಇಪ್ಪತ್ತು ಕಳೆದ್ರೂ ನಲವತ್ತೆರಡು. ಜಟ್ಟಪ್ಪನದು ಮೂವತ್ತಾರು.

ತಿಪ್ಪಯ್ಯನೂ ಸೋತ.

ಇನ್ನು ಉಳಿದೋನು ಬಡಗಿ ನಂಜಾಚಾರಿ. ಊರಲ್ಲಿ ಅವನಷ್ಟು ಚೆನ್ನಾಗಿ ಆಡೋರು ಇನ್ನೊಬ್ಬರಿಲ್ಲ. ತಾನೇ ಕೆತ್ತಿದ ಕೋಲು, ತಾನೇ ತಿರುವಿದ ಚೆಂಡು. ಕಲ್ಲುಬೋರೆಯಲ್ಲೂ ಚೆಂಡು ಅವನ ಮಾತು ಕೇಳ್ತಿತ್ತು.

ಆದ್ರೆ ಅವನಿಗೆ ಹೆದರಿಕೆ ಹತ್ತಿಕೊಂಡಿತು. ಹೆಂಡತಿ ಕಾಳಮ್ಮನ ಹತ್ತಿರ ಅಂದ, "ನೋಡು, ಮಾಫಿ ಏಟು ಅನ್ನೋದು ನಮ್ಮ ಮಾಮೂಲಿ ದಿನದ ಲೆಕ್ಕ. ಪಂದ್ಯದ ದಿನ ಮಾಮೂಲಿ ದಿನ ಅಲ್ಲ. ನಮ್ಮ ಕೈ ನಡುಗ್ತದೆ, ಜಟ್ಟಪ್ಪನ ಕೈ ನಡುಗಲ್ಲ. ದೊರೆ ಸಮ ಮಾಡಿದ್ದೀನಿ ಅಂತಾನೆ, ಅದು ಸಮ ಅಲ್ಲ."

"ಅದಕ್ಕೇನು ಮಾಡ್ತೀಯಾ ಈಗ?"

"ಮೂರು ದಿನದ ಆಟದಲ್ಲಿ ಬೇಕಂತಲೇ ಸ್ವಲ್ಪ ಕೈ ಬಿಟ್ಟು ಆಡ್ತೀನಿ. ಏಳೆಂಟು ಏಟು ಹೆಚ್ಚಿಗೆ ಮಾಫಿ ಸಿಕ್ಕಿದ್ರೆ ನಡುಕಕ್ಕೆ ಸರಿಹೋಗ್ತದೆ."

ಕಾಳಮ್ಮ ರೊಟ್ಟಿ ತಟ್ಟೋದು ನಿಲ್ಲಿಸಿದಳು. "ನಿನ್ನ ಕೈ ಮೇಲೆ ನಿನಗೇ ನಂಬಿಕೆ ಇಲ್ವಾ?"

"ನನಗೋಸ್ಕರ ಅಲ್ಲ ಕಣೇ. ಊರಿಗೋಸ್ಕರ."

"ಊರು ನಿನಗೆ ಆಡು ಅಂತು. ಹೀಗೆ ಮಾಡು ಅಂತಾ?"

ಅವನು ಕೋಲು ತಗೊಂಡು ಎದ್ದು ಹೋದ.

ಮೂರು ದಿನ ಆಡಿ ತೋರಿಸಿದ. ಮೊದಲ ದಿನ ಐವತ್ತಮೂರು. ಎರಡನೇ ದಿನ ಐವತ್ತೈದು. ಮೂರನೇ ದಿನ ಐವತ್ತನಾಲ್ಕು. ನಡುವಿನ ಲೆಕ್ಕ ಐವತ್ತನಾಲ್ಕು, ಹಾಗಾಗಿ ಹದಿನೆಂಟು ಏಟು ಮಾಫಿ. ನಿಂಗಾಜಮ್ಮ ಬೀಜ ಹಾಕ್ತಾ ಹಾಕ್ತಾ ಒಂದು ವಿಷಯ ಗಮನಿಸಿದಳು. ಕೈ ಬಾರದೋನ ಚೆಂಡು ಎಡಕ್ಕೂ ಹೋಗ್ತದೆ, ಬಲಕ್ಕೂ ಹೋಗ್ತದೆ, ಮುಂದಕ್ಕೂ ಹೋಗ್ತದೆ. ನಂಜಾಚಾರಿಯ ಚೆಂಡು ಕುಳಿಯ ಹತ್ತಿರ ಬಂದು ತಪ್ಪಿದಾಗೆಲ್ಲಾ ಎಡಕ್ಕೆ ಒಂದೇ ಗೇಣು. ಬೇಕಂತಲೇ ತಪ್ಪಿಸ್ತಿದ್ದಾನಾ ಅಂತ ಅವಳಿಗೆ ಅನುಮಾನ ಬಂತು. ಆದ್ರೂ ಬಾಯಿ ಬಿಡಲಿಲ್ಲ. ನನ್ನ ಕಣ್ಣೇ ಮಂಜಾಯ್ತೇನೋ ಅಂದ್ಕೊಂಡಳು. ಹಾಗೇ ಆಗಿರಲಿ ಅಂತ ಹಾರೈಸಿದಳು.

ಮೂರನೇ ಸೋಮವಾರ ಬಂತು.

ನಂಜಾಚಾರಿ ಅವತ್ತು ಆಡಿದ ಹಾಗೆ ಹುಟ್ಟಿದಾಗಿನಿಂದ ಆಡಿರಲಿಲ್ಲ. ಹೆದರಿಕೆ ಎಲ್ಲಿ ಹೋಯಿತೋ ಏನೋ. ಹುಲ್ಲು ಕಾಲಿಗೆ ಮೆತ್ತಗಿತ್ತು, ಚೆಂಡು ಕೋಲಿಗೆ ತಗುಲೋ ಸದ್ದು ಕಿವಿಗೆ ಹಿತವಾಗಿತ್ತು. ನಾಲ್ಕನೇ ಕುಳಿ ದಾಟೋ ಹೊತ್ತಿಗೆ ಅವನಿಗೆ ಲೆಕ್ಕವೂ ಮರೆಯಿತು, ಮಾಫಿಯೂ ಮರೆಯಿತು. ಗುಂಡಿ ಬಂತು, ತಾಳ್ಮೆಯಿಂದ ಬಳಸಿ ದಾಟಿದ. ಕೊನೆಯ ಕುಳಿಗೆ ಏಳು ಮಾರು ದೂರದಿಂದ ಚೆಂಡು ಉರುಳಿ ಉರುಳಿ ಒಳಗೆ ಬಿತ್ತು. ಗೋಡೆಯ ಮೇಲಿದ್ದ ಜನ ಕೆಳಗೆ ಹಾರಿದರು. ದಾಸಪ್ಪ ಅವನನ್ನ ಹೆಗಲ ಮೇಲೆ ಎತ್ತಿಕೊಂಡ.

ಜಟ್ಟಪ್ಪನದು ಮೂವತ್ತಾರು. ನಂಜಾಚಾರಿಯದು ನಲವತ್ತೈದು. ಹದಿನೆಂಟು ಕಳೆದ್ರೆ ಇಪ್ಪತ್ತೇಳು.

ದೊರೆ ಎದ್ದು ನಿಂತ. ನಕ್ಕ. ಆಮೇಲೆ ಅವನ ನಗು ಸ್ವಲ್ಪ ಸ್ವಲ್ಪವೇ ಇಳೀತು. "ಒಂಬತ್ತು ಏಟಿನ ಗೆಲುವಾ? ನಿಂಗಾಜಮ್ಮ, ನಿನ್ನ ಲೆಕ್ಕ ಸರಿ ಅಂತ ನನ್ನ ಮುಂದೆ ಹೇಳು. ನೀನು ಸರಿ ಅಂದ್ರೆ ಸರಿ. ಈಗಲೇ ಬಾಗಿಲು ತೆರೆಸ್ತೀನಿ."

ನಿಂಗಾಜಮ್ಮ ಗಡಿಗೆ ಹಿಡಕೊಂಡು ನಿಂತಳು. ಸರಿ ಅಂತ ಒಂದು ಮಾತು ಅಂದಿದ್ರೆ ಮುಗೀತಿತ್ತು. ಇಪ್ಪತ್ತು ವರ್ಷದಲ್ಲಿ ಅವಳು ಒಂದು ಬೀಜವನ್ನೂ ಸುಳ್ಳು ಎಣಿಸಿರಲಿಲ್ಲ. ನಂಜಾಚಾರಿಯ ಕಡೆ ತಿರುಗಿದಳು.

"ಆಚಾರಿ, ನನಗೆ ವಯಸ್ಸಾಯ್ತು. ನಿನ್ನ ಮೊದಲ ದಿನದ ಆಟ ಐವತ್ತಮೂರು ಅಂದಿದ್ದೆ. ನಲವತ್ತೈದೋ ಏನೋ, ನಾನೇ ಎಂಟು ಬೀಜ ಹೆಚ್ಚಿಗೆ ಹಾಕಿಬಿಟ್ಟೆನೇನೋ ಅಂತ ಅನುಮಾನ ಬರ್ತಿದೆ."

ಒಂದು ದಿನದ ಲೆಕ್ಕ ಕೆಟ್ಟರೆ ಮಾಫಿಯೇ ಹೋಗ್ತದೆ ಅಂತ ನಂಜಾಚಾರಿಗೆ ಗಾಬರಿಯಾಯ್ತು. "ಇಲ್ಲಮ್ಮಾ, ನೀನು ಎಣಿಸಿದ್ದು ಸರಿ. ಎಂಟು ಏಟೂ ನಾನು ಹೊಡೆದದ್ದೇ!"

"ನಿನಗೆ ನೆನಪಿದೆಯೇನಪ್ಪಾ?"

"ಇಲ್ದೆ ಏನು? ಒಂದನೇ ಕುಳೀಲಿ ಒಂದು, ಗೇಣು ಎಡಕ್ಕೆ ಬಿಟ್ಟೆ. ಮೂರನೇದ್ರಲ್ಲಿ ಎರಡು, ಅದೂ ಎಡಕ್ಕೆ ಬಿಟ್ಟೆ. ಐದರಲ್ಲಿ ಒಂದು. ಆರರಲ್ಲಿ ಎರಡು. ಎಂಟರಲ್ಲಿ ಒಂದು ಬಿಟ್ಟೆ, ಒಂಬತ್ತರಲ್ಲಿ ಒಂದು ಬಿಟ್ಟೆ. ಎಂಟಾಯ್ತಲ್ಲ?"

ನಿಂಗಾಜಮ್ಮ ಮೆಲ್ಲಗೆ ಕೇಳಿದಳು, "ಅವತ್ತು ಗುಂಡಿಗೆ ಬಿದ್ದ ಚೆಂಡು ಎತ್ತೋಕೆ ಎಷ್ಟು ಏಟು ತಗೊಂಡೆ?"

"ಅದು... ನೆನಪಿಲ್ಲ."

"ಎರಡನೇ ಕುಳಿಗೆ ಎಷ್ಟು?"

"ಗೊತ್ತಿಲ್ಲಮ್ಮ."

"ಕೈ ಜಾರಿ ತಪ್ಪಿದ ಏಟು ಒಂದೂ ನಿನ್ನ ನೆನಪಿನಲ್ಲಿಲ್ಲ. ಈ ಎಂಟು ಮಾತ್ರ ಕುಳಿ ಸಮೇತ ನೆನಪಿದೆ. ತಪ್ಪಿತು ಅಂತ ಒಂದು ಸಲವೂ ಅನ್ನಲಿಲ್ಲ, ಬಿಟ್ಟೆ ಬಿಟ್ಟೆ ಅಂದೆ. ಯಾಕಪ್ಪಾ ಬಿಟ್ಟೆ?"

  ಹೆಂಡತಿ ಎಲ್ಲಿ ಅಂತ ನಂಜಾಚಾರಿಯ ಕಣ್ಣು ಹುಡುಕಿದವು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡ್ತಿದ್ದಳು.

"ಹೆದರಿಕೆಯಾಯ್ತು ಬುದ್ಧೀ," ಅಂದ. "ಸೋತುಹೋಗ್ತೀನಿ ಅಂತ ಹೆದರಿಕೆಯಾಯ್ತು. ಮೂರು ದಿನವೂ ಎಂಟೆಂಟು ಬಿಟ್ಟೆ."

ನಿಂಗಾಜಮ್ಮ ಗಡಿಗೆಯಿಂದ ಬೀಜ ತೆಗೆದು ಹುಲ್ಲಿನ ಮೇಲೆ ಇಟ್ಟಳು, ಎಂಟು. "ಈ ಎಂಟು ಬಿಟ್ಟರೆ ನಿನ್ನ ನಿಜವಾದ ಲೆಕ್ಕ ನಲವತ್ತಾರು. ನಿನಗೆ ನ್ಯಾಯವಾಗಿ ಬರಬೇಕಾದ ಮಾಫಿ ಹತ್ತು ಏಟು. ಇವತ್ತು ಹೊಡೆದದ್ದು ನಲವತ್ತೈದು. ಹತ್ತು ಕಳೆದ್ರೆ ಮೂವತ್ತೈದು." ಅವಳು ಗಡಿಗೆ ಕೆಳಗಿಟ್ಟಳು. "ಜಟ್ಟಪ್ಪನದು ಮೂವತ್ತಾರು ಕಣಪ್ಪಾ. ನೇರವಾಗಿ ಬಂದಿದ್ರೂ ಗೆಲ್ತಿದ್ದೆ."

ದಾಸಪ್ಪ ಓಡಿ ಬಂದು ದೊರೆಯ ಕಾಲಿಗೆ ಬಿದ್ದ. "ಹಾಗಾದ್ರೆ ಗೆದ್ದ ಅಂತಲೇ ಆಯ್ತಲ್ಲ ಬುದ್ಧೀ! ಒಂದೇ ಏಟಾದ್ರೂ ಗೆಲುವು ಗೆಲುವೇ. ಬಾಗಿಲು ತೆರೆಸಿ."

ದೊರೆ ಜಟ್ಟಪ್ಪನ ಮುಖ ನೋಡಿದ. "ನೀನೇನಂತೀಯಾ?"

ಜಟ್ಟಪ್ಪ ಕೋಲು ನೆಲಕ್ಕಿಟ್ಟ. "ನನಗೆ ಗೆದ್ದೂ ಗೆದ್ದೂ ಸಾಕಾಗಿದೆ ಬುದ್ಧೀ. ಇವತ್ತು ಸೋತು ಸಂತೋಷವಾಗಿ ಮನೆಗೆ ಹೋಗೋಣ ಅಂತಿದ್ದೆ. ಆದ್ರೆ ಸುಳ್ಳು ಹೇಳಲಾರೆ. ಎಂಟನೇ ಕುಳಿ ಹೊತ್ತಿಗೇ ಇವನನ್ನ ಹಿಡಿಯೋಕಾಗಲ್ಲ ಅಂತ ಕೈಚೆಲ್ಲಿ ಆಡಿದೆ. ಹತ್ತೇ ಏಟು ಅಂತ ಗೊತ್ತಿದ್ರೆ ಬೇರೆ ಥರ ಆಡ್ತಿದ್ದೆನೋ ಏನೋ. ಆಗ ಇವನೂ ಇಷ್ಟು ನಿರಾಳವಾಗಿ ಆಡ್ತಿದ್ದನೋ ಇಲ್ಲವೋ. ಗೆದ್ದ ಅನ್ನೋಕೂ ಆಗಲ್ಲ, ಸೋತ ಅನ್ನೋಕೂ ಆಗಲ್ಲ. ಇವತ್ತು ಪಂದ್ಯವೇ ನಡೆದಿಲ್ಲ."

"ಮತ್ತೊಂದು ಸಲ ಆಡಿಸಿ ಬುದ್ಧೀ," ಅಂದ ನಂಜಾಚಾರಿ, ಕೈ ಮುಗಿದು. "ಮಾಫಿ ಒಂದೂ ಬೇಡ. ಆಡ್ತೀನಿ, ಸೋತ್ರೂ ಸೋಲ್ತೀನಿ."

ದೊರೆ ತಲೆ ಅಲ್ಲಾಡಿಸಿದ. "ನಾನು ನಿಮ್ಮ ಆಟ ನಂಬಿ ಮಾತು ಕೊಟ್ಟೆ. ಮುಂದೆ ಯಾರು ತಪ್ಪಿದ್ರೂ, ತಪ್ಪಿತೋ ಬಿಟ್ಟನೋ ಅಂತಲೇ ನೋಡ್ತಾ ಕೂರಬೇಕಲ್ಲ. ಅದು ಆಟ ಅಲ್ಲ." ಅಷ್ಟು ಹೇಳಿ ಒಳಗೆ ಹೋದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನಂಜಾಚಾರಿಯನ್ನ ಹೆಚ್ಚು ಸುಟ್ಟಿತು.

ಜನ ಒಬ್ಬೊಬ್ಬರೇ ಹೊರಗೆ ನಡೆದರು. ಯಾರೂ ಬೈಯಲಿಲ್ಲ. ಬಾಗಿಲು ಮುಚ್ಚಿತು.

ಮಾರನೇ ದಿನ ನಂಜಾಚಾರಿ ದಾಸಪ್ಪನ ಮನೆಗೆ ಹೋಗಿ ಜಗಲಿಯ ಕೆಳಗೇ ನಿಂತ. "ಬೈದುಬಿಡಣ್ಣ," ಅಂದ.

ದಾಸಪ್ಪ ಹಸಿ ಮಡಕೆ ನೆರಳಿಗೆ ಇಡ್ತಿದ್ದ. "ನಾನೂ ಸೋತೆ, ತಿಪ್ಪಯ್ಯನೂ ಸೋತ. ನಮ್ಮನ್ನ ಯಾರಾದ್ರೂ ಬೈದ್ರಾ? ನೀನು ಸೋತಿದ್ರೂ ಬಾ ಅಂತ ಕರೆದು ಊಟ ಹಾಕ್ತಿದ್ವಿ. ಮುಂದಿನ ವರ್ಷ ಇನ್ನೊಂದು ಸಲ ಕೇಳಬಹುದಿತ್ತು. ಈಗ ಯಾವ ಮುಖ ಇಟ್ಕೊಂಡು ಕೇಳೋದು, ಹೇಳು?"

ನಂಜಾಚಾರಿ ಆಮೇಲೆ ಗಾಡಿ ಮಾಡಿದ, ನೇಗಿಲು ಮಾಡಿದ, ತೊಟ್ಟಿಲು ಮಾಡಿದ, ಚೆಂಡು ಮಾತ್ರ ತಿರುವಲಿಲ್ಲ. ಕೆಲಸದ ನಡುವೆ ಒಮ್ಮೊಮ್ಮೆ ಅವನ ಕೈ ನಿಲ್ಲೋದು. ಹತ್ತೇ ಏಟು ಇಟ್ಟುಕೊಂಡು ಬಂದಿದ್ರೆ ಹಾಗೆ ಆಡ್ತಿದ್ದೆನಾ? ಆ ಕೊನೆಯ ಚೆಂಡು ಒಳಗೆ ಬೀಳ್ತಿತ್ತಾ? ಬದುಕಿರೋ ತನಕ ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಾಗಲೇ ಇಲ್ಲ.

ನಿಂಗಾಜಮ್ಮ ಒಂದೇಟೂ ಹೊಡೆಯದೆ ತೀರಿಕೊಂಡಳು. ಜಟ್ಟಪ್ಪ ಮುದುಕನಾದ. ಮುದ್ದರಾಜನ ಮಗನಿಗೆ ಆಟ ಬೇಕಿರಲಿಲ್ಲ, ಬಯಲಲ್ಲಿ ಕುದುರೆಲಾಯ ಕಟ್ಟಿಸಿದ. ಕುಳಿಗಳೆಲ್ಲಾ ಮಣ್ಣು ಮುಚ್ಚಿಹೋದವು.

ಕೇಳಿದ್ರಲ್ಲ ಮಕ್ಕಳೇ? ನಮಗಿಂತ ಬಲವಾದೋರ ಎದುರು ನಿಲ್ಲೋ ದಿನ ನಿಮಗೂ ಬರ್ತದೆ. ಆಗ ಯಾರಾದ್ರೂ ನ್ಯಾಯವಾಗಿ ಕೈಕೊಟ್ಟು ಮೇಲೆತ್ತಿದ್ರೆ ಹಿಡ್ಕೊಳ್ಳಿ, ಅದರಲ್ಲಿ ನಾಚಿಕೆಯಿಲ್ಲ. ಆದ್ರೆ ಇರೋದಕ್ಕಿಂತ ಕಮ್ಮಿ ಅಂತ ತೋರಿಸ್ಕೊಂಡು ಹೆಚ್ಚು ಕಿತ್ಕೊಳ್ಳೋಕೆ ಹೋಗಬೇಡಿ. ಹಾಗೆ ಮಾಡಿದೋನು ಗೆಲುವನ್ನಷ್ಟೇ ಅಲ್ಲ, ತನ್ನ ಕೈಯಲ್ಲಿ ನಿಜವಾಗಿ ಎಷ್ಟು ಬಲ ಇತ್ತು ಅನ್ನೋದನ್ನೂ ಕಳಕೊಳ್ತಾನೆ. ತನ್ನ ಜೊತೆ ನಿಂತೋರ ಪಾಲನ್ನೂ ಕಳೀತಾನೆ.