ಓಲಗದವನ ಒಣಬಾಯಿ

ಒಂದಾನೊಂದು ಕಾಲದಲ್ಲಿ, ಅದು ಯಾವ ಕಾಲ ಅಂತ ನಮ್ಮಜ್ಜಿ ನನಗೆ ಹೇಳಿಲ್ಲ, ಅವಳು ಹೇಳದ್ದನ್ನು ನಾನು ಸೇರಿಸುವುದಿಲ್ಲ, ಸಿರಿವಾಳ ಅನ್ನೋ ಊರಲ್ಲಿ ಮುನಿವೆಂಕಟ ಅಂತ ಒಬ್ಬ ಓಲಗದವನಿದ್ದನಂತೆ. ನಾಳೆ ಸ್ಕೂಲಲ್ಲಿ ಕೊಳಲು ಊದಬೇಕು, ನೆನೆಸಿಕೊಂಡರೇ ಬಾಯಿ ಒಣಗುತ್ತೆ ಅಂತೀಯಲ್ಲ ಚಿನ್ನಿ, ಅವನಿಗೂ ಹಾಗೇ ಆಗುತ್ತಿತ್ತಂತೆ. ಈ ಕಡೆ ತಿರುಗಿ ಮಲಗು, ಹೇಳುತ್ತೇನೆ.

ಮನೆ ಜಗಲಿಯಲ್ಲಿ ಕೂತು ಅವನು ನಾಗಸ್ವರ ಊದಿದರೆ ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಂತುಬಿಡುತ್ತಿದ್ದರಂತೆ. ಆದರೆ ನಾಲ್ಕು ಜನ ಎದುರಿಗೆ ಕೂತರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳೋದು. ನಾಗಸ್ವರದ ತುದಿಗೆ ಸಿಕ್ಕಿಸೋ ಪೀಪಿ ಎಂಜಲಲ್ಲಿ ನೆನೆದರೇ ನುಡಿಯುವುದು, ಒಣಗಿದರೆ ಬರೀ ಪುಸ್ ಅನ್ನುತ್ತೆ. ಹೀಗಿರುವಾಗ ಶಾನುಭೋಗರ ಮಗಳ ಮದುವೆ ಬಂತು. ತಾಳಿ ಕಟ್ಟುವಾಗ ಪುರೋಹಿತರು ಗಟ್ಟಿಮೇಳ, ಗಟ್ಟಿಮೇಳ ಅಂತ ಕೂಗುತ್ತಾರಲ್ಲ, ಆ ಗಳಿಗೆಯಲ್ಲಿ ಸೀನಾಗಲಿ ಕೆಟ್ಟ ಮಾತಾಗಲಿ ಯಾರ ಕಿವಿಗೂ ಬೀಳಬಾರದು ಅಂತ ಜೋರಾಗಿ ಊದಿಸುವುದು. ಅವತ್ತು ಇವನದು ಪುಸ್ ಅಂತು, ಡೋಲಿನವನು ಇವನಿಗೆ ಕಾಯುತ್ತಾ ಕೈ ಎತ್ತಿಕೊಂಡೇ ನಿಂತ, ಆ ನಿಶ್ಶಬ್ದದಲ್ಲಿ ಗಂಡಿನ ಸೋದರಮಾವ ಗಟ್ಟಿಯಾಗಿ ಸೀನಿದನಂತೆ. ಇಡೀ ಚಪ್ಪರ ತಿರುಗಿ ಇವನ ಮುಖ ನೋಡಿತಂತೆ.

ಮನೆಗೆ ಬಂದವನೇ ನಾಗಸ್ವರವನ್ನು ಗೂಟಕ್ಕೆ ನೇತುಹಾಕಿ ಇನ್ನು ಇದನ್ನು ಮುಟ್ಟಲ್ಲ ಅಂದ. ಆಮೇಲೆ ಅವನ ಚಿಕ್ಕಪ್ಪ ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೋ ಅಂದ, ಇಟ್ಟುಕೊಂಡರೆ ಪೀಪಿಗೆ ನೊಣ ಮುತ್ತಿತು. ಆಮೇಲೆ ಡೋಲಿನವನು ಚೊಂಬು ತುಂಬ ನೀರು ಕುಡಿ ಅಂದ, ಕುಡಿದು ಮೂರು ಸಲ ಬೇಲಿ ಹಿಂದೆ ಹೋಗಿ ಬರಬೇಕಾಯಿತು. ಆಮೇಲೆ ಗುಡಿ ಪೂಜಾರಿ ಕಣ್ಣು ಮುಚ್ಚಿ ಊದು ಅಂದ, ಮುಚ್ಚಿದರೆ ಶಾನುಭೋಗರ ಮುಖವೇ ಕಂಡಿತಂತೆ.

ಆಗ ಅವನ ಹೆಂಡತಿ ಪಾಪಕ್ಕ ಒಂದು ಯೋಚನೆ ಮಾಡಿದಳಂತೆ. ಓಲಗದವರ ಎದುರಿಗೆ ತುಂಟ ಮಕ್ಕಳು ಹುಣಿಸೆಹಣ್ಣು ಚೀಪುತ್ತಾ ನಿಂತರೆ ಊದುವವನ ಬಾಯಲ್ಲಿ ನೀರೂರಿ ಓಲಗ ಕೆಟ್ಟುಹೋಗುತ್ತೆ. ಓಲಗದವರ ಕೇರಿಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಇವಳು ಮುಂದಿನ ಮದುವೆಗೆ ಅದೇ ಹುಣಿಸೆಹಣ್ಣನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ಗಂಡನ ಎದುರಿಗೇ ಕೂತಳಂತೆ. ಅವನ ತುಟಿ ಒಣಗಿದರೆ ಇವಳು ಚೀಪಿ ಮುಖ ಹಿಂಡುವಳು, ನೀರು ಹೆಚ್ಚಾಯಿತು ಅನ್ನಿಸಿದರೆ ಬಾಯಿಗೆ ಸೆರಗು ಮುಚ್ಚಿಕೊಳ್ಳುವಳು. ಓಲಗ ಎದ್ದಿತು ನೋಡು, ಚಪ್ಪರವೇ ನಡುಗಿತಂತೆ.

ಮೂರು ವರ್ಷ ಹೀಗೇ ನಡೆಯಿತು. ಅವನಿಗೆ ಹೆಸರು ಬಂತು, ಇವಳಿಗೆ ಬೈಗುಳ ಬಂತು. ಗಂಡನ ಅನ್ನಕ್ಕೆ ತಾನೇ ಮಣ್ಣು ಹಾಕೋಳನ್ನು ಎಲ್ಲಾದರೂ ಕಂಡಿದ್ದೀರಾ ಅಂತ ಹೆಂಗಸರು ಆಡಿಕೊಂಡರು. ನಿನ್ನ ನಾಲಿಗೆಗೆ ಬರೆ ಹಾಕಬೇಕು ಕಣೇ ಅಂದಳು ಅತ್ತೆ. ಗಂಡನ ಪುಕ್ಕಲುತನ ಊರಿಗೆ ಗೊತ್ತಾಗಬಾರದು ಅಂತ ಪಾಪಕ್ಕ ತುಟಿ ಬಿಚ್ಚಲಿಲ್ಲ. ಹುಳಿ ತಿಂದು ತಿಂದು ಹಲ್ಲು ಜುಮ್ಮಂದು, ಮುದ್ದೆ ಅಗಿಯಲಾಗದೆ ಗಂಜಿ ಕುಡಿದು ಮಲಗುತ್ತಿದ್ದಳಂತೆ. ಮುನಿವೆಂಕಟನಿಗೆ ಎಲ್ಲ ಗೊತ್ತಿತ್ತು. ಅವನೂ ತುಟಿ ಬಿಚ್ಚಲಿಲ್ಲ.

ಆಮೇಲೆ ಪಾಳೆಯಗಾರರ ಮಗಳ ಮದುವೆಗೆ ಕರೆ ಬಂತು. ಅವತ್ತು ಚೆನ್ನಾಗಿ ಊದಿದವನಿಗೆ ಅರಮನೆ ಓಲಗದ ಕೆಲಸ. ಪಾಪಕ್ಕ ಎಂದಿನಂತೆ ಮುಂದೆ ಕೂತು ಸೆರಗು ಬಿಚ್ಚಿದಳು. ಮದುವೆಯ ಉಸ್ತುವಾರಿ ನೋಡುತ್ತಿದ್ದ ಅರಮನೆ ಪಾರುಪತ್ಯಗಾರ ನೋಡಿಬಿಟ್ಟ, ಪಕ್ಕದಲ್ಲಿದ್ದ ಬೇರೆ ಓಲಗದವರು ಕಿಸಕ್ಕನೆ ನಕ್ಕರು. ಪಾರುಪತ್ಯಗಾರ ಮುನಿವೆಂಕಟನನ್ನು ಕೇಳಿದ.

"ಆ ಹೆಂಗಸು ನಿನ್ನ ಕಡೆಯವಳೇನಯ್ಯ?"

"ಅಲ್ಲ ಬುದ್ಧಿ. ಯಾರೋ ಹುಚ್ಚಿ."

ಅಷ್ಟು ಹೇಳಿದ್ದೇ ತಡ, ಆಳುಗಳು ಅವಳ ರಟ್ಟೆ ಹಿಡಿದು ಎಲ್ಲರ ಮುಂದೆ ದರದರ ಎಳೆದುಕೊಂಡು ಹೋದರಂತೆ. ಅವನು ತಲೆ ತಗ್ಗಿಸಿ ನಾಗಸ್ವರದ ತೂತುಗಳನ್ನು ನೋಡುತ್ತಾ ನಿಂತ. ಅಷ್ಟರಲ್ಲಿ ಗಟ್ಟಿಮೇಳ ಅಂತ ಕೂಗು ಬಿತ್ತು. ಬಾಯಿ ಒಡೆದ ಮಡಕೆಯ ಬೋಕಿಯ ಹಾಗೆ ಒಣಗಿದೆ. ಆಗ ಅವನ ಕಣ್ಣಿಂದ ನೀರಿಳಿಯಿತಂತೆ, ಇಳಿದು ತುಟಿಗೆ ಬಂತು, ತುಟಿಯಿಂದ ಪೀಪಿಗೆ ಬಂತು, ಪೀಪಿ ನೆನೆಯಿತು. ಅಂಥ ಓಲಗವನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲವಂತೆ. ನನ್ನ ಮಗಳು ಹೊರಟಳು ಅಂತ ಓಲಗದವನೇ ಅತ್ತನಲ್ಲ ಅಂತ ಪಾಳೆಯಗಾರರು ಕರಗಿಹೋಗಿ ಶಾಲು ಹೊದಿಸಿ, ಕೆಲಸ ಕೊಟ್ಟು, ಇರಲಿಕ್ಕೆ ಮನೆಯನ್ನೂ ಕೊಟ್ಟರಂತೆ.

ಪಾಪಕ್ಕ ಬಿಟ್ಟು ಹೋದಳಾ ಅಂತೀಯಾ? ಎಲ್ಲಿಗೆ ಹೋಗುತ್ತಾಳೆ? ಅವನು ಶಾಲು ಹೊದ್ದುಕೊಂಡು ಮನೆಗೆ ಬಂದಾಗ ಒಲೆ ಮುಂದೆ ಕೂತಿದ್ದಳಂತೆ. ಏನು ಮಾಡಲಿ ಪಾಪಾ, ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟೆ ಅಂದ. ಅವಳು ಗಂಜಿ ತಿರುವುತ್ತಲೇ ಹೇಳಿದಳಂತೆ.

"ಜನ ಅಂದರೆ ನಿನಗೆ ಹೆದರಿಕೆ ಅಂದುಕೊಂಡಿದ್ದೆ. ನಾನು ನಿನ್ನ ಹೆಂಡತಿ ಅನ್ನೋದಕ್ಕೂ ಹೆದರಿಕೆ ಅಂತ ಗೊತ್ತಿರಲಿಲ್ಲ."

ಆಮೇಲೆ ಇಬ್ಬರೂ ಅರಮನೆ ಕೊಟ್ಟ ಮನೆಗೆ ಹೋದರು. ಅವನ ಹೆದರಿಕೆ ಮಾತ್ರ ಹೋಗಲಿಲ್ಲವಂತೆ. ಪ್ರತಿ ಸಲವೂ ಊದುವ ಮುಂಚೆ ಅವಳನ್ನು ಎಳೆದುಕೊಂಡು ಹೋದದ್ದನ್ನು ನೆನೆಸಿಕೊಂಡು, ಬಂದ ಕಣ್ಣೀರಲ್ಲೇ ಪೀಪಿ ನೆನೆಸುತ್ತಿದ್ದನಂತೆ. ಜನ ತಲೆದೂಗಿದರು. ಪಾಪಕ್ಕ ಮಾತ್ರ ಅವನು ನಾಗಸ್ವರ ಕೈಗೆತ್ತಿಕೊಂಡ ಕೂಡಲೇ ಹಿತ್ತಿಲಿಗೆ ಹೋಗಿ ಒರಳಲ್ಲಿ ಗುಂಡು ತಿರುಗಿಸುತ್ತಾ ಕೂರುತ್ತಿದ್ದಳಂತೆ. ರುಬ್ಬಲು ಏನೂ ಇಲ್ಲದ ದಿನವೂ ಬರೀ ಕಲ್ಲು ತಿರುಗಿಸುತ್ತಿದ್ದಳಂತೆ.

ಅದಕ್ಕೇ ಹೇಳೋದು, ನಾಳೆ ಬಾಯಿ ಒಣಗಿದರೆ ಒಣಗಿದೆ ಅಂತ ನಿಮ್ಮ ಮಿಸ್‌ಗೆ ಬಾಯಿಬಿಟ್ಟು ಹೇಳು. ಹೆದರಿಕೆಯಲ್ಲಿ ನಾಚಿಕೆ ಏನಿಲ್ಲ. ಅದನ್ನು ಮುಚ್ಚಿಡಲು ಹೋದರೇ ಇನ್ನೊಬ್ಬರ ರಟ್ಟೆಗೆ ಬರುತ್ತೆ.

ಆಮೇಲೆ ಅವರು ಸುಖವಾಗಿದ್ದರು ಅಂತ ನಮ್ಮಜ್ಜಿ ಮುಗಿಸುತ್ತಿದ್ದಳು. ಸುಖದ ವಿಷಯ ನನಗೆ ಗೊತ್ತಿಲ್ಲ. ಉಂಡುಟ್ಟು ಬಹಳ ಕಾಲ ಒಂದೇ ಮನೆಯಲ್ಲಿ ಇದ್ದರು, ಅಲ್ಲಿಗೆ ಕತೆ ಮುಗೀತು. ಕಣ್ಣು ಮುಚ್ಚು.